ಉಣ್ಣೋ ಕೈ, ಕತ್ತಿ ಹಿಡಿಯೋ ಕೈ

ಹೊಟ್ಟೆ ಡಯಾಲಿಸಿಸ್ ಚೆನ್ನಾಗಿ ನಡೆಯುತ್ತಿರುವವರ ಕೈಯನ್ನು ಯಾಕೆ ಕುಯ್ಯಬೇಕು? ಇದು ನನ್ನ ವಾದ. ಊಟಿಯ ಒಂದು ಆಸ್ಪತ್ರೆಯ ಕಿಡ್ನಿ ವಿಭಾಗಕ್ಕೆ ನಾನು ಡಾಕ್ಟರಾಗಿ ಸೇರಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಅಷ್ಟರಲ್ಲಿ ಇದನ್ನು ನಮ್ಮ ಹಿರಿಯ ಡಾಕ್ಟರ್ ಮೇಡಂ ಮುಂದೆ ಮೂರು ಸಲ ಮಂಡಿಸಿಯಾಗಿತ್ತು. ಮೈಸೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ನಿಂತೂ ನಿಂತೂ ಅಂಟಿಕೊಂಡ ಚಟ. ಯಾರಾದರೂ 'ಇದು ಹೀಗೇ' ಎಂದರೆ ಸಾಕು, ನನ್ನ ನಾಲಿಗೆ ತುರಿಸುತ್ತದೆ.

ವಿಷಯ ಇಷ್ಟು. ಕಿಡ್ನಿ ಕೈಕೊಟ್ಟವರಿಗೆ ನಾವು ಎರಡು ಬಗೆಯ ಡಯಾಲಿಸಿಸ್ ಕೊಡುತ್ತೇವೆ. ಒಂದರಲ್ಲಿ ಹೊಟ್ಟೆಗೆ ಕೂರಿಸಿದ ಸಣ್ಣ ಟ್ಯೂಬಿನಿಂದ ಎರಡು ಲೀಟರ್ ದ್ರವ ಒಳಗೆ ಬಿಟ್ಟು, ಕೆಲವು ಗಂಟೆ ಇಟ್ಟು, ಮೈಯ ಕೊಳೆ ಸಮೇತ ಹೊರಗೆ ಇಳಿಸುವುದು. ದಿನಕ್ಕೆ ನಾಲ್ಕು ಸಲ, ಮನೆಯಲ್ಲೇ, ತಮ್ಮ ಕೈಯಾರೆ. ಇನ್ನೊಂದು ಆಸ್ಪತ್ರೆಯ ಮಷಿನ್: ವಾರಕ್ಕೆ ಮೂರು ದಿನ ಬಂದು, ತೋಳಿಗೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು, ನಾಲ್ಕು ಗಂಟೆ ಕದಲದೆ ಇರಬೇಕು. ಆ ಸೂಜಿಯನ್ನು ಮಾಮೂಲಿ ರಕ್ತನಾಳ ತಡೆಯುವುದಿಲ್ಲ. ಮೊದಲೇ ತೋಳಿನೊಳಗೆ ಒಂದು ಅಭಿಧಮನಿಯನ್ನು ಪಕ್ಕದ ಅಪಧಮನಿಗೆ ಜೋಡಿಸಿ ಹೊಲಿದು, ಅದು ಹಗ್ಗದಂತೆ ಉಬ್ಬಿ ಗಟ್ಟಿಯಾಗಲು ಎರಡು ತಿಂಗಳಾದರೂ ಕಾಯಬೇಕು. ಅದಕ್ಕೆ ಫಿಸ್ಟುಲಾ ಎನ್ನುತ್ತೇವೆ. ಅದು ಸಿದ್ಧವಾಗುವ ಮುಂಚೆ ಹೊಟ್ಟೆ ಡಯಾಲಿಸಿಸ್ ಕೈಕೊಟ್ಟರೆ ಕುತ್ತಿಗೆಗೆ ಟ್ಯೂಬ್ ಹಾಕಬೇಕು. ಸೋಂಕು ರಕ್ತಕ್ಕೆ ನೇರ ಇಳಿಯಲು ಅದಕ್ಕಿಂತ ಸಲೀಸಾದ ಬಾಗಿಲು ಇನ್ನೊಂದಿಲ್ಲ.

"ಹಾಗಂತ ಎಲ್ಲರ ಕೈಗೂ ಮುಂಚೆಯೇ ಫಿಸ್ಟುಲಾ ಮಾಡಿಟ್ಟರೆ, ಎಷ್ಟೋ ಬಳಕೆಗೇ ಬರದೆ ಮುಚ್ಚಿಹೋಗ್ತವೆ ಮೇಡಂ. ಕುಯ್ದದ್ದಷ್ಟೇ ಬಂತು," ಎಂದೆ.

ಮೇಡಂ ಚಹಾ ಕುಡಿಯುತ್ತಿದ್ದರು. "ಎಲ್ಲರ ವಿಷಯ ಯಾರು ಎತ್ತಿದರು? ನಾನು ಹೇಳ್ತಿರೋದು ಒಬ್ಬರ ವಿಷಯ. ಸೋಲೂರು ಕಡೆಯ ನಿನ್ನ ಮಾಮಿ. ಅವರ ನೋಟ್‌ಬುಕ್ ನೋಡಿದೆಯಾ?"

ನೋಡಿರಲಿಲ್ಲ. ಚರ್ಚಾಸ್ಪರ್ಧೆಯಲ್ಲಾದರೆ ಇಂಥದ್ದಕ್ಕೆ ಅಂಕ ಕಳೆಯುತ್ತಾರೆ.

ಮಾಮಿ ಎಂದರೆ ಹತ್ತಿರದ ನೆಂಟರೇನಲ್ಲ. ಅವರ ಹಟ್ಟಿಗೂ ನಮ್ಮ ಹಟ್ಟಿಗೂ ಹೆಣ್ಣು ಕೊಟ್ಟು ತರುವ ರೂಢಿ ಇದೆ. ಹಾಗಾಗಿ ಆ ಹಟ್ಟಿಯ ಹಿರಿಯ ಹೆಂಗಸರೆಲ್ಲ ನನಗೆ ಮಾಮಿಯರು, ಗಂಡಸರೆಲ್ಲ ಮಾಮಂದಿರು. ನನ್ನನ್ನು ಚುಡಾಯಿಸುವ ಹಕ್ಕು ಅವರಿಗೆ ಹುಟ್ಟಿನಿಂದಲೇ ಬಂದಿದೆ. ನಮ್ಮ ನಡುವಿನ ಮಾತು ನೀಲಗಿರಿಯ ಬಡಗ ಭಾಷೆ, ಇಲ್ಲಿ ಬರೆಯುವಾಗ ಕನ್ನಡವಾಗಿದೆ. ಮಾಮಿಗೆ ಐವತ್ತೆಂಟು. ಮನೆ ಹಿಂದೆ ಇಳಿಜಾರಿನಲ್ಲಿ ಸಣ್ಣದೊಂದು ಟೀ ತೋಟ. ನಾಲ್ಕು ವರ್ಷದಿಂದ ಹೊಟ್ಟೆ ಡಯಾಲಿಸಿಸ್. ದ್ರವದ ಬ್ಯಾಗ್ ಬದಲಾಯಿಸುವುದು ಮಾಮಿ. ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುವುದು ಅವರ ಗಂಡ, ಟೀ ಫ್ಯಾಕ್ಟರಿಯಿಂದ ನಿವೃತ್ತರಾದ ಮಾಮ.

ನೋಟ್‌ಬುಕ್ ತರಿಸಿ ನೋಡಿದೆ. ಮೊದಲೆಲ್ಲ ಎರಡು ಲೀಟರ್ ಹೋದರೆ ಎರಡೂಕಾಲು ಬರುತ್ತಿತ್ತು; ಆ ಕಾಲು ಲೀಟರೇ ಮೈಯಿಂದ ಇಳಿದ ನೀರು. ಈಗ ಎರಡು ಹೋದರೆ ಬರುವುದು ಎರಡಕ್ಕಿಂತ ಕಡಿಮೆ. ಪಾದ ಊದಿಕೊಂಡಿತ್ತು. ಕೊಳೆ ಸೋಸುವ ಹೊಟ್ಟೆಯ ಪೊರೆ ಎರಡು ಸಲ ಸೋಂಕು ಕಂಡು ದಣಿದಿದೆ ಎಂದು ಪರೀಕ್ಷೆಯೂ ಹೇಳಿತು. ಸಕ್ಕರೆ ಅಂಶ ಹೆಚ್ಚಿರುವ ದ್ರವ ಕೊಟ್ಟು ದೂಡಬಹುದು, ಕೆಲವು ತಿಂಗಳು. ನಾನು ವಾದ ಬಿಟ್ಟೆ. "ಹಾಗಾದರೆ ಯೋಜನೆ ನೀನೇ ಮಾಡು," ಎಂದರು ಮೇಡಂ.

ಗುರುವಾರ ಮಾಮಿ, ಮಾಮ ಬಂದರು. ನಾನು ಕಾಗದದ ಮೇಲೆ ತೋಳಿನ ಚಿತ್ರ ಬರೆದೆ. ರಕ್ತನಾಳ ಅಂದರೆ ಅರ್ಥವಾಗದು, ನರ ಅಂದರೆ ತಪ್ಪರ್ಥವಾಗುತ್ತದೆ. ನಾನು ನರ ಅಂದೆ.

"ನರ ಕುಯ್ದು ಇನ್ನೊಂದು ನರಕ್ಕೆ ಕಟ್ತೀಯಾ? ಕೈ ಸತ್ತುಹೋಗಲ್ವಾ?"

"ಆ ನರ ಅಲ್ಲ ಮಾಮಿ. ಇದು ರಕ್ತ ಓಡೋ ನರ."

"ಮೊದಲು ಯಾವ ನರ ಅಂತ ನೀನು ಗಟ್ಟಿ ಮಾಡ್ಕೋ ಕೂಸೇ, ಆಮೇಲೆ ಕತ್ತಿ ಹಿಡಿ." ಮಾಮ ಮುಸಿಮುಸಿ ನಕ್ಕರು. ಮಾಮಿ ಬಿಡಲಿಲ್ಲ. "ಹೊಟ್ಟೆ ಇನ್ನೂ ಕೆಲಸ ಮಾಡ್ತಾ ಇದೆಯಲ್ಲ? ಅದು ನಿಂತ ಮೇಲೆ ಕೈ ನೋಡಿದ್ರೆ ಆಗಲ್ವಾ?"

ಇದು ಸೋಮವಾರ ನಾನೇ ಮಂಡಿಸಿದ್ದ ವಾದ. ಗುರುವಾರ ಅದನ್ನು ನಾನೇ ಖಂಡಿಸಬೇಕಾಯಿತು. ಮೇಡಂ ಹೇಳಿದ್ದನ್ನೆಲ್ಲ ನನ್ನದೇ ಎಂಬಂತೆ ಹೇಳಿದೆ. ಕುತ್ತಿಗೆಯ ಟ್ಯೂಬಿನ ಚಿತ್ರ ಬರೆದು ತೋರಿಸಿದಾಗ ಮಾಮಿ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಯಾವ ಕೈ?"

"ಕಡಿಮೆ ಬಳಸೋ ಕೈ." ನಮ್ಮ ಫಾರಂನಲ್ಲಿ ಅದಕ್ಕೊಂದು ಪ್ರಶ್ನೆ ಇದೆ: ಬರೆಯುವ ಕೈ ಯಾವುದು? ಮಾಮಿಗೆ ಬರೆಯುವ ಅಭ್ಯಾಸವಿಲ್ಲ. ಹಾಗಾಗಿ ಪ್ರಶ್ನೆಯನ್ನು ನಾನೇ ಬದಲಾಯಿಸಿಕೊಂಡೆ. "ಊಟ ಯಾವ ಕೈಯಲ್ಲಿ ಮಾಡ್ತೀರಿ?"

"ಇದೇನು ಕೇಳ್ತೀಯಾ? ನಿಮ್ಮ ಹಟ್ಟೀಲಿ ಎಡಗೈಲಿ ಉಣ್ತಾರಾ?"

ಬಲಗೈ ಎಂದು ಬರೆದೆ. ಆದ್ದರಿಂದ ಫಿಸ್ಟುಲಾ ಎಡಗೈಗೆ. ಎಡಗೈ ನಾಳಗಳನ್ನು ಕಾಪಾಡಬೇಕಾದ್ದರಿಂದ ಇನ್ನು ರಕ್ತ ತೆಗೆಯುವುದು, ಡ್ರಿಪ್ ಹಾಕುವುದು ಎಲ್ಲ ಬಲಗೈಗೆ. 'ಈ ಕೈಗೆ ಸೂಜಿ ಬೇಡ' ಎಂದು ಎಡ ಮುಂಗೈಗೆ ಕಟ್ಟಲು ಒಂದು ಪಟ್ಟಿ ಮಾಡಿಸಿದೆ. ಮಾಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಮದುವೆ ಹೆಣ್ಣಿಗೆ ಕಟ್ಟಿದ ಹಾಗಿದೆ," ಎಂದರು. ಅದಕ್ಕೆ ಮಾಮಿ, "ಮೊದಲು ಇವಳಿಗೆ ಒಬ್ಬನನ್ನ ನೋಡಿ. ಎದುರುತ್ತರ ಕೊಡೋಕೆ ಶುರು ಮಾಡಿದ್ರೆ ನಿಲ್ಲಲ್ಲ, ಯಾರು ಒಪ್ತಾರೋ," ಎಂದರು.

ಮುಂದಿನ ಕೆಲಸ ಸ್ಕ್ಯಾನ್ ಮಾಡಿ ನಾಳಗಳನ್ನು ಅಳೆಯುವುದು. ಜನವರಿ, ಹುಲ್ಲಿನ ಮೇಲೆ ಹಿಮ ಬಿಳಿಯಾಗಿ ಕೂತಿದ್ದ ಬೆಳಿಗ್ಗೆ. ಮಾಮಿ ಮೊದಲ ಬಸ್ಸಿಗೆ ಬಂದು ನೇರ ಸ್ಕ್ಯಾನ್ ಕೋಣೆಗೆ ಹೋದರು. ಮಣಿಕಟ್ಟಿನ ನಾಳ ಎರಡು ಮಿಲಿಮೀಟರ್ ಕೂಡ ಇಲ್ಲ ಎಂದು ವರದಿ. ಶಸ್ತ್ರಚಿಕಿತ್ಸೆ ಮಾಡಬೇಕಿದ್ದವರು ಕೊಯಮತ್ತೂರಿನ ಸರ್ಜನ್. ಇಷ್ಟು ಸಣ್ಣ ನಾಳದಲ್ಲಿ ಆಗದು, ಕೃತಕ ನಾಳ ಹಾಕೋಣ ಎಂದರು ಫೋನಿನಲ್ಲಿ.

ನನಗೆ ನಂಬಿಕೆ ಬರಲಿಲ್ಲ. ಆ ಸ್ಕ್ಯಾನ್ ಕೋಣೆಯಲ್ಲಿ ಚಳಿಗೆ ನಾನೇ ಕೈ ಉಜ್ಜಿಕೊಂಡು ನಿಲ್ಲುತ್ತೇನೆ. ಅಲ್ಲಿ ಯಾರ ನಾಳ ತಾನೇ ಬಿಚ್ಚಿಕೊಂಡೀತು? ಮಧ್ಯಾಹ್ನ ಮಾಮಿಗೆ ಕಂಬಳಿ ಹೊದಿಸಿ, ಬಕೆಟ್ಟಿನ ಬಿಸಿನೀರಿನಲ್ಲಿ ಕಾಲು ಗಂಟೆ ತೋಳು ಇಳಿಬಿಡಿಸಿ, ಮತ್ತೆ ಅಳೆಸಿದೆ. ಎರಡೂವರೆ ಮಿಲಿಮೀಟರ್ ದಾಟಿತು! ನಾಳ ಸಣ್ಣದಲ್ಲ ಸ್ವಾಮಿ, ನಿಮ್ಮ ಕೋಣೆಯ ಚಳಿ ದೊಡ್ಡದು ಎಂದು ವರದಿಯ ಕೆಳಗೆ ಬರೆಯುವ ಆಸೆಯನ್ನು ತಡೆದುಕೊಂಡೆ. ಮೂರು ವಾರದ ಆಚೆಗೆ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಯಿತು. ಅವತ್ತು ಇಡೀ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ನಡುವೆ ಮಾಮಿಗೆ ಮೂರನೆಯ ಸಲ ಹೊಟ್ಟೆಯ ಸೋಂಕು ಬಂತು. ವಾಂತಿ ನಿಲ್ಲದೆ ಐದು ದಿನ ಡ್ರಿಪ್. ನನ್ನ ಪಟ್ಟಿಗೆ ವಾರ್ಡಿನಲ್ಲಿ ಎಲ್ಲರೂ ಮರ್ಯಾದೆ ಕೊಟ್ಟು ಎಡಗೈ ಮುಟ್ಟಲಿಲ್ಲ. ಬಲಗೈಯಲ್ಲಿ ಮೂರು ಕಡೆ ಸೂಜಿ ಬದಲಾಯಿಸಿದರು. ಸೋಂಕು ಇಳಿಯಿತು, ಆದರೆ ನೋಟ್‌ಬುಕ್ಕಿನ ಅಂಕಿ ಮತ್ತಷ್ಟು ಇಳಿಯಿತು. ಸಮಯ ನಾವು ಎಣಿಸಿದ್ದಕ್ಕಿಂತ ಕಡಿಮೆ ಇದೆ ಎಂದು ಎಲ್ಲರಿಗೂ ಗೊತ್ತಾಯಿತು.

ಶಸ್ತ್ರಚಿಕಿತ್ಸೆಗೆ ಐದು ದಿನ ಇರುವಾಗ, ಹೊಟ್ಟೆ ಡಯಾಲಿಸಿಸ್ ನೋಡಿಕೊಳ್ಳುವ ಸಿಸ್ಟರ್ ಜೊತೆ ನಾನು ಮಾಮಿಯ ಮನೆಗೆ ಹೋದೆ. ಕಾರಣ ಇತ್ತು. ಎಡಗೈಗೆ ಬ್ಯಾಂಡೇಜ್ ಇರುವಷ್ಟು ದಿನ ಬ್ಯಾಗ್ ಬದಲಾಯಿಸುವುದು ಮಾಮ. ಅವರಿಗೆ ಅದನ್ನು ಕಲಿಸಬೇಕಿತ್ತು.

ಮೊದಲು ಮಾಮಿ ಮಾಡಿ ತೋರಿಸಿದರು. ಬಾಗಿಲು ಮುಚ್ಚಿ, ಫ್ಯಾನ್ ಇಲ್ಲದ ಕೋಣೆ, ಕೈ ತೊಳೆದು, ಮಾಸ್ಕ್ ಕಟ್ಟಿ, ಕ್ಲ್ಯಾಂಪ್ ಹಾಕಿ, ಮುಚ್ಚಳ ತೆಗೆದು, ಟ್ಯೂಬಿನ ಎರಡು ತುದಿ ಜೋಡಿಸಿ ಒಂದೇ ತಿರುವು. ನನ್ನ ಕಣ್ಣೆಲ್ಲ ತುದಿ ಎಲ್ಲಾದರೂ ತಾಗುತ್ತದೆಯೇ ಎಂಬುದರ ಮೇಲೆ. ಎಲ್ಲೂ ತಾಗಲಿಲ್ಲ.

ಆಮೇಲೆ ಮಾಮನ ಸರದಿ. ಖಾಲಿ ಬ್ಯಾಗಿನಲ್ಲಿ ಅಭ್ಯಾಸ. ಮುಚ್ಚಳ ತೆಗೆದರು, ಅದು ಬಿತ್ತು. ಬಗ್ಗಿ ಎತ್ತಿದರು.

"ನೆಲ ಮುಟ್ಟಿದ ಕೈಲಿ ನನ್ನ ಹೊಟ್ಟೆಗೆ ಬರ್ತಾರಂತೆ!" ಎಂದರು ಮಾಮಿ. "ಇಷ್ಟು ವರ್ಷ ಫ್ಯಾಕ್ಟರೀಲಿ ಮಷಿನ್ ಓಡಿಸಿದ್ರಂತೆ, ಹೇಗೋ."

"ಆ ಮಷಿನ್ ಮಾತಾಡ್ತಿರಲಿಲ್ಲ," ಎಂದರು ಮಾಮ.

ಐದನೆಯ ಸಲಕ್ಕೆ ಮಾಮ ಪಾಸಾದರು. ಸಿಸ್ಟರ್ ಚಪ್ಪಾಳೆ ತಟ್ಟಿದರು. ಹೊರಡುವಾಗ ಮಾಮಿ, "ಬರಿಗೈಲಿ ಕಳಿಸ್ತೀನಾ?" ಎನ್ನುತ್ತ, ಮನೆ ಪಕ್ಕದ ಪಾತಿಗೆ ಇಳಿದು, ಗೋಡೆಗೆ ಸಿಕ್ಕಿಸಿದ್ದ ಕವಾತು ಕತ್ತಿ ತೆಗೆದುಕೊಂಡರು. ಟೀ ಗಿಡದ ತಲೆ ಸವರಲು ಬಳಸುವ, ತುದಿ ಬಾಗಿದ ಕತ್ತಿ. ಸೊಪ್ಪಿನ ಕಟ್ಟನ್ನು ಬಲಗೈಯಲ್ಲಿ ಒತ್ತಿ ಹಿಡಿದು, ಬುಡಕ್ಕೆ ಒಂದೇ ಏಟು.

ಕತ್ತಿ ಎಡಗೈಯಲ್ಲಿತ್ತು.

ನನಗೆ ಒಳಗೆ ನಡೆದದ್ದೆಲ್ಲ ಆಗ ಕಣ್ಣಿಗೆ ಬಂತು. ಕ್ಲ್ಯಾಂಪ್ ಎಡಗೈ. ಮುಚ್ಚಳ ಎಡಗೈ. ಆ ಒಂದು ತಿರುವು, ಎಡಗೈ.

"ಮಾಮಿ, ಕತ್ತಿ ಯಾವಾಗಲೂ ಎಡಗೈಲೇನಾ?"

"ಮತ್ತೆ? ಕತ್ತಿ, ಕುಡುಗೋಲು, ಎಲೆ ಕೀಳೋದು, ಎಲ್ಲ ಎಡಗೈ."

"ಬಲಗೈ ಅಂದ್ರಲ್ಲ!"

"ಅದು ಉಣ್ಣೋ ಕೈ. ಚಿಕ್ಕವಳಿದ್ದಾಗ ಎಡಗೈ ತಟ್ಟೆಗೆ ಹೋದ್ರೆ ಅಜ್ಜಿ ಸೌಟಲ್ಲಿ ಬಾರಿಸ್ತಿದ್ಲು. ಉಣ್ಣೋದೊಂದು ಬದಲಾಯ್ತು, ಬೇರೇದೆಲ್ಲ ಹಾಗೇ ಉಳೀತು. ನೀನು ಉಣ್ಣೋ ಕೈ ಕೇಳಿದೆ, ನಾನು ಉಣ್ಣೋ ಕೈ ಹೇಳಿದೆ. ಕೆಲಸದ ಕೈ ಯಾವಾಗ ಕೇಳಿದೆ?"

ವಾದ ಶುರು ಮಾಡುವ ಮುಂಚೆ ಪದದ ಅರ್ಥ ಗಟ್ಟಿ ಮಾಡಿಕೊಳ್ಳಿ ಎಂದು ಕಿರಿಯರಿಗೆ ಪಾಠ ಹೇಳಿದವಳು ನಾನು. ಮಾಮನ ಕಡೆ ತಿರುಗಿದೆ. "ನೀವಾದರೂ ಹೇಳಬಾರದಿತ್ತಾ?"

"ಡಾಕ್ಟರಿಗೆ ಲೆಕ್ಕಾಚಾರ ಬೇರೆ ಇರುತ್ತೆ ಅಂದ್ಕೊಂಡೆ," ಎಂದರು ಅವರು, ಪಾಪ.

ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತೆ. ಸೊಪ್ಪಿನ ಕಟ್ಟು ಮಡಿಲಲ್ಲಿತ್ತು. ಸಿಸ್ಟರ್ ಒಮ್ಮೆ, "ಜ್ವರ ಬಂದಿದೆಯಾ?" ಎಂದು ಹಣೆ ಮುಟ್ಟಿ ನೋಡಿದರು. ತಪ್ಪು ಒಂದು ಪದದ್ದಷ್ಟೇ ಆಗಿದ್ದರೆ ತಿದ್ದಬಹುದಿತ್ತು. ಆದರೆ ಆ ಪದ ನಂಬಿ ನಾನು ಬಲಗೈಯನ್ನು ಸೂಜಿಗಳಿಗೆ ಒಪ್ಪಿಸಿದ್ದೆ. ಯಾವ ತೋಳನ್ನು ಕಾಪಾಡಬೇಕಿತ್ತೋ ಅದನ್ನೇ ಹಾಳು ಮಾಡಿಸಿದ್ದೆ.

ಮೇಡಂಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಬಲತೋಳನ್ನು ಬಿಸಿನೀರಿನಲ್ಲಿ ಇಳಿಸಿ ಅಳೆಸಲು ಹೇಳಿದರು. ನಿರೀಕ್ಷಿಸಿದ್ದೇ ಆಯಿತು: ಮಣಿಕಟ್ಟಿನ ನಾಳ ಸೂಜಿ ತಿಂದು ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಮೊಣಕೈ ಹತ್ತಿರದ್ದು ಮಾತ್ರ ಚೆನ್ನಾಗಿತ್ತು.

"ನಾಳೆ ಅವರಿಬ್ಬರನ್ನ ಕರೆಸು," ಎಂದರು ಮೇಡಂ. "ಚರ್ಚೇಲಿ ಯಾವ ಕಡೆ ಕೊಟ್ಟರೂ ಮಾತಾಡ್ತೀಯಲ್ಲ, ಎರಡೂ ಕಡೆ ಅವರ ಮುಂದೆ ಮಾತಾಡು. ತೀರ್ಪು ಅವರದು."

ಮಾತಾಡಿದೆ. ಮೊದಲು ತಪ್ಪು ನನ್ನದು ಎಂದೆ. ಆಮೇಲೆ ಎಡಗೈ ಪರವಾಗಿ: ಮಣಿಕಟ್ಟಿನ ನಾಳ ಒಳ್ಳೆಯದಿದೆ, ದಿನ ಗೊತ್ತಾಗಿದೆ, ಸಮಯ ಕಡಿಮೆ. ಎಡಗೈ ವಿರುದ್ಧ: ಬೆರಳಿಗೆ ಹೋಗುವ ರಕ್ತ ಕಡಿಮೆಯಾಗಿ ಹಿಡಿತ ಸಡಿಲವಾಗುವ ಸಂಭವ ಸ್ವಲ್ಪ ಇದೆ, ಆ ತೋಳಿಗೆ ಭಾರ ಕೂಡದು, ಕತ್ತಿಯ ಏಟು ತಾಗಲೇಬಾರದು, ಮುಂದೆ ವಾರಕ್ಕೆ ಮೂರು ದಿನ ನಾಲ್ಕು ಗಂಟೆ ಅದು ಸುಮ್ಮನಿರಬೇಕು. ಬಲಗೈಯಾದರೆ ಮೊಣಕೈಯಲ್ಲಿ ಮಾಡಬೇಕು. ಅಲ್ಲಿ ಮಾಡಿದರೆ ಕೈ ತಣ್ಣಗಾಗಿ ಜೋಮು ಹಿಡಿಯುವ ಸಂಭವ ಮಣಿಕಟ್ಟಿಗಿಂತ ಹೆಚ್ಚು. ಶಸ್ತ್ರಚಿಕಿತ್ಸೆಯ ದಿನವನ್ನೂ ಹೊಸದಾಗಿ ಗೊತ್ತು ಮಾಡಬೇಕು. ಅಷ್ಟರಲ್ಲಿ ಹೊಟ್ಟೆ ನಿಂತರೆ ಕುತ್ತಿಗೆ ಟ್ಯೂಬ್.

ಎರಡೂ ಕಡೆ ಸಮ ತೂಗಿದೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ನನ್ನ ಮನಸ್ಸು ಎಡಗೈ ಕಡೆಗಿತ್ತು. ನನಗೆ ಆ ಟ್ಯೂಬಿನ ಭಯ.

ಮಾಮಿ ಎರಡು ಕೈಯನ್ನೂ ಮೇಜಿನ ಮೇಲಿಟ್ಟು ನೋಡಿದರು. "ಉಣ್ಣೋ ಕೈ ತಗೊಳ್ಳಿ."

"ಆಮೇಲೆ ಜೋಮು ಹಿಡಿದ್ರೆ? ಹೇಗೆ ಉಣ್ತೀಯಾ?" ಎಂದರು ಮಾಮ.

"ಎಡಗೈಲಿ ಉಣ್ತೀನಿ. ಕವಾತು ಬಲಗೈಲಿ ಮಾಡೋಕಾಗುತ್ತಾ? ಬ್ಯಾಗ್ ಜೋಡ್ಸೋಕಾಗುತ್ತಾ?"

"ನಾಲ್ಕು ಜನದ ಮುಂದೆ ಎಡಗೈಲಿ?"

"ಆ ನಾಲ್ಕು ಜನ ಬಂದು ನನ್ನ ತೋಟ ಕವಾತು ಮಾಡಿಕೊಡ್ತಾರಾ? ಕೇಳಿ ನೋಡಿ."

ಮಾಮ ನನ್ನ ಕಡೆ ನೋಡಿದರು, ನಾನು ಮೇಡಂ ಕಡೆ ನೋಡಿದೆ. ಮೇಡಂ ಆಗಲೇ ಫಾರಂನಲ್ಲಿ 'ಎಡ' ಹೊಡೆದುಹಾಕಿ 'ಬಲ' ಎಂದು ಬರೆಯುತ್ತಿದ್ದರು.

ಕೊಯಮತ್ತೂರಿಗೆ ಫೋನ್ ಮಾಡುವ ಕೆಲಸ ನನ್ನದಾಯಿತು. "ಮೊದಲು ನಾಳ ಇಲ್ಲ ಅಂದ್ರಿ, ಆಮೇಲೆ ಇದೆ ಅಂದ್ರಿ. ಮೊದಲು ಎಡ, ಈಗ ಬಲ. ನಾಡಿದ್ದು ಕಾಲು ಅಂತೀರಾ?" ಎಂದರು ಸರ್ಜನ್. ಬೈದು ಮುಗಿಸಿ, ಒಂದೇ ವಾರ ಮುಂದಕ್ಕೆ ಹಾಕಿ ದಿನ ಕೊಟ್ಟರು.

ಹೊಲಿಗೆ ಬಿಚ್ಚಲು ಬಂದ ದಿನ ಮಾಮಿಯ ಬಲ ಮೊಣಕೈ ಮೇಲೆ ಬೆರಳಿಟ್ಟೆ. ಬೆಕ್ಕು ಗುರುಗುಟ್ಟಿದ ಹಾಗೆ ಒಳಗೆ ರಕ್ತ ಝುಮ್ಮೆನ್ನುತ್ತಿತ್ತು. ಆದರೆ ಬೆರಳುಗಳು ತಣ್ಣಗಿದ್ದವು. ಇದು ಫಿಸ್ಟುಲಾ ರಕ್ತ ಕದ್ದದ್ದೋ ಊಟಿಯ ಚಳಿಯೋ? ಎಡಗೈ ಬೆರಳು ಮುಟ್ಟಿದೆ. ಅದೂ ತಣ್ಣಗಿತ್ತು, ಸ್ವಲ್ಪ ಕಡಿಮೆ. ಬೆರಳಿಗೆ ಕ್ಲಿಪ್ ಹಾಕಿ ಎರಡೂ ಕೈಯ ಆಮ್ಲಜನಕ ನೋಡಿದೆ, ಉಗುರು ಒತ್ತಿ ಬಿಟ್ಟು ಬಣ್ಣ ಮರಳುವುದನ್ನು ಎಣಿಸಿದೆ. ಪರವಾಗಿಲ್ಲ ಎನ್ನುವಷ್ಟಿತ್ತು. ಉಣ್ಣೆಯ ಕೈಗವಸು ಹಾಕಿಸಿ, ವಾರಕ್ಕೊಮ್ಮೆ ಬರಲು ಹೇಳಿದೆ. ನಾಲ್ಕನೆಯ ವಾರಕ್ಕೆ ಬೆಚ್ಚಗಾಯಿತು.

ನಾಳ ಉಬ್ಬಲೆಂದು ದಿನವೂ ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದೆ. ಅದನ್ನು ನಾಯಿ ಎತ್ತಿಕೊಂಡು ಹೋಯಿತಂತೆ. ಮಾಮಿ ಆಲೂಗಡ್ಡೆ ಹಿಸುಕುತ್ತಿದ್ದರು. "ಮೆತ್ತಗಾದದ್ದನ್ನ ಸಾರಿಗೆ ಹಾಕಿಬಿಡ್ತೀನಿ, ನಿನ್ನ ಚೆಂಡು ಯಾತಕ್ಕೆ ಬರುತ್ತೆ?"

ಫಾರಂನ ಪ್ರಶ್ನೆಯನ್ನು ಆ ದಿನಗಳಲ್ಲೇ ಬದಲಾಯಿಸಿದೆವು. ಈಗ ನಾವು ಬರೆಯುವ ಕೈ ಕೇಳುವುದಿಲ್ಲ, ಊಟದ ಕೈಯಂತೂ ಇಲ್ಲ. ಕತ್ತಿ ಯಾವ ಕೈಯಲ್ಲಿ ಹಿಡಿಯುತ್ತೀರಿ ಎಂದು ಕೇಳುತ್ತೇವೆ. ಇದಾದ ಮೇಲೆ ಸೊಂಟದ ಮೇಲೆ ಮಗು ಎತ್ತುವ ಕೈ ಬೇರೆ ಎಂದು ಪಂದಲೂರಿನಿಂದ ಬಂದ ಒಬ್ಬ ತಾಯಿ ಹೇಳಿದರು. ಅದನ್ನೂ ಸೇರಿಸಿದೆವು.

ಶಸ್ತ್ರಚಿಕಿತ್ಸೆಯಾದ ಒಂಬತ್ತನೆಯ ವಾರ ಮಾಮನ ನೋಟ್‌ಬುಕ್ ಮುಗಿಯಿತು ಎಂದೇ ಹೇಳಬೇಕು. ಎರಡು ಹೋದರೆ ಒಂದೂಮುಕ್ಕಾಲು. ಮೆಟ್ಟಿಲು ಹತ್ತಿದರೆ ಮಾಮಿಗೆ ಉಬ್ಬಸ. ಇನ್ನು ಮಷಿನ್ ಎಂದರು ಮೇಡಂ. ನಾಳವನ್ನು ಮತ್ತೆ ಅಳೆಸಿದೆವು. ಬಿಸಿನೀರು ಬೇಕಾಗಲಿಲ್ಲ.

ಮೊದಲ ದಿನ ಸೂಜಿ ಚುಚ್ಚಿದ್ದು ನಮ್ಮ ಡಯಾಲಿಸಿಸ್ ವಿಭಾಗದ ಅತ್ಯಂತ ಅನುಭವಿ ಸಿಸ್ಟರ್. ನಾನು ನಿಂತು ನೋಡಿದೆ. ಎರಡೂ ಸೂಜಿ ಒಂದೇ ಸಲಕ್ಕೆ ಕೂತವು. ಟ್ಯೂಬುಗಳು ಕೆಂಪಾದವು, ಮಷಿನ್ ತಿರುಗಲು ಶುರುವಾಯಿತು. ಮಾಮಿಯ ಕುತ್ತಿಗೆ ಬರಿದಾಗಿತ್ತು. ಕರಿಮಣಿ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

ಎರಡನೆಯ ಗಂಟೆಗೆ ಹಸಿವಾಯಿತು ಎಂದರು. ಮಷಿನ್ ಓಡುವಾಗ ಹೊಟ್ಟೆ ತುಂಬ ತಿಂದರೆ ರಕ್ತದೊತ್ತಡ ಇಳಿಯುತ್ತದೆ ಎಂದು ನಾನು ತಕರಾರು ತೆಗೆದೆ. ಎರಡು ಇಡ್ಲಿಗೆ ಒಪ್ಪಂದವಾಯಿತು. ಮಾಮ ಡಬ್ಬಿ ಬಿಚ್ಚಿ, ಹಾಸಿಗೆಗೆ ಅಡ್ಡಲಾಗಿದ್ದ ಮೇಜಿನ ಮೇಲೆ ತಟ್ಟೆ ಇಟ್ಟು, ಚಮಚ ಒರೆಸಿ ಕೊಟ್ಟರು.

"ಇದು ಯಾಕೆ?" ಎಂದು ಮಾಮಿ ಚಮಚ ಪಕ್ಕಕ್ಕಿಟ್ಟರು. ಎಡಗೈಯಲ್ಲಿ ಇಡ್ಲಿ ಮುರಿದರು. ತಡವರಿಕೆಯಿಲ್ಲ, ಒಂದು ಚೂರೂ ಬೀಳಲಿಲ್ಲ. ದಿನವೂ ಅದೇ ಕೈಯಲ್ಲಿ ಉಣ್ಣುವವರಂತೆ ಉಂಡರು. ಪಕ್ಕದ ಹಾಸಿಗೆಯಲ್ಲಿದ್ದ ಮುದುಕರು ತಲೆ ಎತ್ತಿ ನೋಡಿದರು. ಬಾಗಿಲ ಹತ್ತಿರ ಕೂತಿದ್ದ ಇಬ್ಬರು ಹೆಂಗಸರೂ ನೋಡಿದರು.

ಮಾಮನೂ ಒಂದು ಗಳಿಗೆ ನೋಡಿದರು. ಆಮೇಲೆ ಎದ್ದು, ಮಾಮಿಯ ಬಲಪಕ್ಕದಲ್ಲಿದ್ದ ಚಟ್ನಿ ಬಟ್ಟಲನ್ನು ಎತ್ತಿ ಎಡಪಕ್ಕಕ್ಕೆ ಇಟ್ಟರು.